ಅಜ್ಜಿಯ ಪೆಟ್ಟಿಗೆಯ ಪಿಂಗಾಣಿ: ಊಟಕ್ಕೆ ಯಾವುದು, ಗೂಡಿಗೆ ಯಾವುದು

ಪ್ರಶ್ನೆ: ಕುಷ್ಟಗಿ ಬಳಿಯ ತವರಿನ ಮಾಳಿಗೆ ಮನೆಯನ್ನು ಇಳಿಸುವಾಗ ಅಜ್ಜಿಯ ಕಟ್ಟಿಗೆಯ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅದರಲ್ಲಿ ನೀಲಿ ಚಿತ್ರದ ಹತ್ತು ತಟ್ಟೆ, ಚಿನ್ನದ ಗೆರೆಯ ಆರು ಕಪ್ಪು-ಬಸಿ, ಬಣ್ಣದ ಹೂವು ಬರೆದ ಎರಡು ದೊಡ್ಡ ಬೋಗುಣಿ, ಕಂದು-ಬಿಳಿಯ ಮೂರು ಉಪ್ಪಿನಕಾಯಿ ಜಾಡಿ ಮತ್ತು ಹಿತ್ತಲ ಗೂಡಿನಲ್ಲಿ ಪ್ರತ್ಯೇಕವಾಗಿ ಇರುತ್ತಿದ್ದ ನಾಲ್ಕು ದಪ್ಪ ಕಪ್ಪುಗಳಿವೆ. ಒಂದು ಜಾಡಿಗೆ ಮುಚ್ಚಳವಿಲ್ಲ. ಬರುವ ತಿಂಗಳು ಮಗಳ ನಿಶ್ಚಯಕ್ಕೆ ಬೀಗರ ಕಡೆಯಿಂದ ಹದಿನಾರು ಜನ ಬರುತ್ತಾರೆ. ಈ ಸಾಮಾನಿನಲ್ಲಿ ಊಟ ಬಡಿಸಬೇಕು, ಹೊಸ ಮನೆಯ ಪಡಸಾಲೆಯನ್ನೂ ಇದರಿಂದಲೇ ಸಿಂಗರಿಸಬೇಕು ಎಂಬ ಆಸೆ. ಅತ್ತೆಯವರು ‘ಎಲುಬಿನ ಬಸಿ, ಸೀಳಿದ ಪಾತ್ರೆ ಮನೆಗೆ ಬೇಡ’ ಎನ್ನುತ್ತಾರೆ. ಅಮೆರಿಕದಲ್ಲಿರುವ ತಮ್ಮ ಒಂದು ತಟ್ಟೆ ಕೇಳುತ್ತಿದ್ದಾನೆ. ಏನು ಮಾಡಲಿ? ತಟ್ಟೆ, ಕಪ್ಪು, ಬೋಗುಣಿಗಳ ಫೋಟೊಗಳನ್ನೂ ತಟ್ಟೆ, ಕಪ್ಪುಗಳ ತಳದ ಫೋಟೊಗಳನ್ನೂ ಕಳಿಸಿದ್ದೇನೆ.
— ಓದುಗರೊಬ್ಬರು, ಗಂಗಾವತಿ

ಉತ್ತರ: ಮೊದಲ ಮಾತು, ಯಾವುದನ್ನೂ ಈಗಲೇ ತೊಳೆಯಬೇಡಿ. ಅಜ್ಜಿ ಅವನ್ನು ಸುತ್ತಿಟ್ಟ ಪತ್ರಿಕೆಯ ಚೂರುಗಳಲ್ಲಿ ತಾರೀಖು ಇದ್ದರೆ ಬರೆದುಕೊಳ್ಳಿ. ತಳದಲ್ಲಿ ಬಣ್ಣದಿಂದ ಬರೆದ ಗುರುತು, ಅಂಗಡಿಯ ಚೀಟಿ, ಯಾರದಾದರೂ ಹೆಸರಿನ ಮೊದಲಕ್ಷರ ಇದ್ದರೆ ಫೋಟೊ ತೆಗೆದಿಡಿ. ಒಮ್ಮೆ ಸಾಬೂನು ಬಿದ್ದರೆ ಇವು ಹೋಗುತ್ತವೆ, ಮತ್ತೆ ಸಿಗುವುದಿಲ್ಲ.

ನೀವು ಕೇಳಿದ್ದು ‘ಇದರಲ್ಲಿ ಊಟ ಬಡಿಸಬಹುದೇ’ ಎಂದು. ಇದಕ್ಕೆ ಇಡೀ ಪೆಟ್ಟಿಗೆಗೆ ಸೇರಿ ಒಂದೇ ಉತ್ತರವಿಲ್ಲ. ಎಲ್ಲವನ್ನೂ ನಾವು ‘ಪಿಂಗಾಣಿ’ ಎಂದೇ ಕರೆಯುತ್ತೇವಾದರೂ ನಿಮ್ಮ ಪೆಟ್ಟಿಗೆಯಲ್ಲಿ ಕಡಿಮೆಯೆಂದರೂ ಮೂರು ಜಾತಿಯ ಮಣ್ಣು ಇದೆ. ಒಂದೊಂದು ತುಂಡನ್ನೂ ಕೈಗೆತ್ತಿಕೊಂಡು, ಅದು ಆಹಾರವನ್ನು ಮುಟ್ಟಬಹುದೋ ಇಲ್ಲವೋ ಎಂದು ತೀರ್ಮಾನಿಸಿ. ಮುಟ್ಟಬಾರದ್ದಕ್ಕೂ ಮನೆಯಲ್ಲಿ ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಜಾತಿ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ತುಂಡನ್ನು ಮಗುಚಿ ನೋಡಿ. ತಳದಲ್ಲಿ ನೆಲಕ್ಕೆ ತಾಗುವ ಉಂಗುರಕ್ಕೆ ಸಾಮಾನ್ಯವಾಗಿ ಮೆರುಗು, ಅಂದರೆ ಗಾಜಿನಂತೆ ಹೊಳೆಯುವ ಮೇಲಿನ ಲೇಪ, ಇರುವುದಿಲ್ಲ. ಅಲ್ಲಿ ಒಂದು ಹನಿ ನೀರು ಇಡಿ. ನೀರು ಇಂಗಿದರೆ ಅದು ಕಡಿಮೆ ಶಾಖದಲ್ಲಿ, ಸುಮಾರು 1,000ದಿಂದ 1,150 ಡಿಗ್ರಿಯಲ್ಲಿ ಸುಟ್ಟ ಮಣ್ಣು, ಮೇಲೆ ಎಷ್ಟೇ ಬಿಳಿಯಾಗಿ ಹೊಳೆಯಲಿ. ನೀರು ನಿಂತರೆ ಮತ್ತು ದೀಪದ ಎದುರು ಹಿಡಿದಾಗ ನಿಮ್ಮ ಬೆರಳಿನ ನೆರಳು ಒಳಗಿನಿಂದ ಕಂಡರೆ ಅದು ನಿಜವಾದ ಪಿಂಗಾಣಿ ಅಥವಾ ಎಲುಬಿನ ಬೂದಿ ಬೆರೆಸಿದ ಬೋನ್ ಚೈನಾ. ನೀರು ನಿಂತು ನೆರಳು ಕಾಣದಿದ್ದರೆ ಅದು ಜಾಡಿಯ ಮಣ್ಣು, ಇಂಗ್ಲಿಷಿನವರು ಸ್ಟೋನ್‌ವೇರ್ ಎನ್ನುವ, 1,200 ಡಿಗ್ರಿಗೂ ಮೇಲೆ ಸುಟ್ಟು ಕಲ್ಲಿನಂತಾದ ಮಣ್ಣು. ಆಮೇಲೆ ಉಗುರಿನ ತುದಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಒಳ್ಳೆಯದು. ಮಂಕಾದ ‘ತಪ್’ ಸದ್ದು ಬಂದರೆ ಕಣ್ಣಿಗೆ ಕಾಣದ ಕೂದಲೆಳೆಯ ಸೀಳು ಇರಬಹುದು ಎಂದು ತಿಳಿಯಿರಿ.

ಈಗ ನೀವು ಕಳಿಸಿದ ಫೋಟೊಗಳ ಮಾತು. ನೀಲಿ ತಟ್ಟೆಯಲ್ಲಿ ಬಾಗಿದ ಮರ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿ. ಇದು ವಿಲೋ ಚಿತ್ರ, ವಿಲೋ ಎಂದರೆ ಆ ಬಾಗಿದ ಮರ. ನೋಡಿದವರೆಲ್ಲ ಚೀನಾದ್ದು ಎನ್ನುತ್ತಾರೆ, ಆದರೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದ ಸಾಮಾನನ್ನು ಅನುಕರಿಸಿ ಈ ಚಿತ್ರ ಕಟ್ಟಿದವರು ಇಂಗ್ಲೆಂಡಿನ ಕುಂಬಾರರು. ಓಡಿಹೋದ ಪ್ರೇಮಿಗಳು ಕೊನೆಗೆ ಈ ಎರಡು ಹಕ್ಕಿಗಳಾದರೆಂಬ ಕತೆಯನ್ನೂ ತಟ್ಟೆ ಮಾರಲೆಂದು ಅಲ್ಲಿಯೇ ಹೆಣೆದರು. ಅಂಚಿನ ಬಳ್ಳಿಯನ್ನು ಬೆರಳಿಟ್ಟು ಹಿಂಬಾಲಿಸಿ, ಒಂದೆಡೆ ವಿನ್ಯಾಸ ಸರಿಯಾಗಿ ಕೂಡದೆ ಜಾರಿರುತ್ತದೆ. ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರವನ್ನು ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ತಟ್ಟೆಗೆ ಅಂಟಿಸುತ್ತಿದ್ದರು. ಕಾಗದದ ಎರಡು ತುದಿ ಸೇರಿದ ಜಾಗ ಅದು. ನನಗೆ ಹಳೆಯ ತಟ್ಟೆಯಲ್ಲಿ ಅತ್ಯಂತ ಪ್ರಿಯವಾದ ಜಾಗವೇ ಅದು, ಏಕೆಂದರೆ ಅಲ್ಲಿ ಒಬ್ಬ ಕೆಲಸಗಾರನ ಕೈ ಕಾಣುತ್ತದೆ. ತಳದಲ್ಲಿ ‘ಇಂಗ್ಲೆಂಡ್’ ಎಂಬ ಒಂದೇ ಪದವಿದೆ. ಅಮೆರಿಕ 1891ರಿಂದ ಆಮದು ಸಾಮಾನಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿದ ಮೇಲೆ ಇಂಗ್ಲೆಂಡಿನ ಕಾರ್ಖಾನೆಗಳು ಅದನ್ನು ಒತ್ತತೊಡಗಿದವು. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಪೂರ್ತಿ ಮುದ್ರೆ ವಾಡಿಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಗಾಗಿ ನಿಮ್ಮ ತಟ್ಟೆಗಳು ನೂರು ವರ್ಷ ದಾಟಿರುವ ಸಂಭವ ಗಟ್ಟಿಯಾಗಿದೆ.

ಕಪ್ಪು-ಬಸಿಗಳ ತಳದ ಮುದ್ರೆಯಂತೂ ತಾನೇ ಕತೆ ಹೇಳುತ್ತದೆ: ‘ಮೇಡ್ ಇನ್ ಆಕ್ಯುಪೈಡ್ ಜಪಾನ್’. ಯುದ್ಧದಲ್ಲಿ ಸೋತ ಜಪಾನು ಅಮೆರಿಕದ ಹಿಡಿತದಲ್ಲಿದ್ದ ಕಾಲದ ಗುರುತು ಇದು, 1952ಕ್ಕೆ ಮುಗಿಯಿತು. ಅದೇ ವರ್ಷಗಳಲ್ಲಿ, 1948ರ ಸೆಪ್ಟೆಂಬರಿನಲ್ಲಿ, ನಿಮ್ಮ ತವರಿನ ಸೀಮೆ ನಿಜಾಮರ ಕೈಯಿಂದ ಬಿಡಿಸಿಕೊಂಡಿತು. ನಿಮ್ಮ ಅಜ್ಜಿ ಈ ಕಪ್ಪುಗಳನ್ನು ಹೊಸದಾಗಿ ಕೊಂಡಿದ್ದರೆ ಅವು ಆ ಹೊಸ್ತಿಲಿನ ದಿನಗಳವು.

ಇಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ನಮ್ಮ ಬಳ್ಳಾರಿ 1800ರಲ್ಲಿಯೇ ನಿಜಾಮರಿಂದ ಕಂಪನಿಗೆ ಹೋಯಿತು, ದಂಡು ಬಂತು, ಮದ್ರಾಸು ಪ್ರಾಂತ್ಯದ ಭಾಗವಾಯಿತು. ನದಿಯ ಆಚೆಯ ನಿಮ್ಮ ಕೊಪ್ಪಳ, ರಾಯಚೂರು ಹೈದರಾಬಾದಿನ ಕಡೆಗೇ ಮುಖ ಮಾಡಿ ಉಳಿದವು. ಕೊಪ್ಪಳ ನಿಜಾಮರಿಗೆ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಹೈದರಾಬಾದಿನಲ್ಲಿ ಇಂದು ಅದೇ ಮನೆತನದ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಚೀನಾ, ಜಪಾನು, ಯೂರೋಪುಗಳ ಪಿಂಗಾಣಿ ತುಂಬಿದ ಕೋಣೆಗಳಿವೆ. ನೀವು ಹೈದರಾಬಾದಿಗೆ ಹೋದಾಗ ಮಗಳನ್ನೂ ಕರೆದುಕೊಂಡು ಅರ್ಧ ದಿನ ಅಲ್ಲಿ ಕಳೆಯಿರಿ. ಅಲ್ಲಿ ತಿಳಿಹಸಿರು ಬಣ್ಣದ ಚೀನಾ ತಟ್ಟೆಗಳನ್ನು ನೋಡುತ್ತೀರಿ. ವಿಷ ಬಡಿಸಿದರೆ ಬಣ್ಣ ಬದಲಿಸುತ್ತದೆ, ಇಲ್ಲವೇ ಸೀಳುತ್ತದೆ ಎಂದು ನಂಬಿ ನವಾಬರು ಇಟ್ಟುಕೊಂಡಿದ್ದ ಜಾತಿಯವು. ರಾಯಚೂರಿನ ಉರ್ದು ಮನೆಗಳಲ್ಲಿ ಜಾಡಿಗೆ ಮರ್ತಬಾನ್ ಎನ್ನುತ್ತಾರಲ್ಲ, ಅದು ಬರ್ಮಾದ ಮಾರ್ತಬಾನ್ ಬಂದರಿನ ಹೆಸರು. ದೊಡ್ಡ ಜಾಡಿಗಳು ಹಡಗೇರುತ್ತಿದ್ದ ಊರದು.

ವಿಷದ ಮಾತು ಬಂತು. ಆ ನಂಬಿಕೆ ಹುಸಿ, ಆದರೆ ಹಳೆಯ ಪಿಂಗಾಣಿಯಲ್ಲಿ ವಿಷ ಇರುವುದು ನಿಜ. ಅದು ಸೀಸ. ಮೆರುಗು ಕಡಿಮೆ ಶಾಖದಲ್ಲಿ ಕರಗಲೆಂದು ಕುಂಬಾರರು ಸೀಸ ಬೆರೆಸುತ್ತಿದ್ದರು. ಹೀಗಾಗಿ ನೀರು ಇಂಗುವ ಜಾತಿಯ ಹಳೆಯ ತಟ್ಟೆಗಳ ಮೆರುಗಿನಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಜೋರು ಶಾಖದಲ್ಲಿ ಬೆಂದ ಪಿಂಗಾಣಿಯ ಮೈಗೆ ಅದು ಬೇಕಿಲ್ಲ. ಆದರೆ ಅದರ ಮೇಲಿನ ಬಣ್ಣದ ಹೂವುಗಳನ್ನು ಮೆರುಗಿನ ಮೇಲೆ ಬರೆದು, 700–800 ಡಿಗ್ರಿಯ ಹದ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. ಆ ಬಣ್ಣ ಅಂಟಲು ಮತ್ತೆ ಸೀಸ ಬೇಕಾಗುತ್ತಿತ್ತು. ಕಣ್ಣು ಮುಚ್ಚಿ ಬೆರಳು ಸವರಿ. ಹೂವಿನ ಎಸಳು ಬೆರಳಿಗೆ ತಟ್ಟಿದರೆ ಬಣ್ಣ ಮೆರುಗಿನ ಮೇಲಿದೆ. ಏನೂ ತಟ್ಟದೆ ಜಾರಿದರೆ ಬಣ್ಣ ಮೆರುಗಿನ ಕೆಳಗಿದೆ, ನಿಮ್ಮ ನೀಲಿ ತಟ್ಟೆಯ ಹಾಗೆ. ನಿಮ್ಮ ಬೋಗುಣಿಗಳ ಫೋಟೊದಲ್ಲಿ ಹೂವು ಉಬ್ಬಿ ಕಾಣುತ್ತಿದೆ, ಅದೂ ಒಳಮೈಯಲ್ಲಿಯೇ. ಅವುಗಳಲ್ಲಿ ಯಾವ ಆಹಾರವನ್ನೂ ಹಾಕಬೇಡಿ.

ಸೀಸಕ್ಕೆ ರುಚಿ, ವಾಸನೆ ಇಲ್ಲ. ಅದನ್ನು ಮೆರುಗಿನಿಂದ ಬಿಡಿಸುವುದು ಹುಳಿ, ಬಿಸಿ ಮತ್ತು ಕಾಲ. ಪ್ರಯೋಗಾಲಯದವರು ಪರೀಕ್ಷಿಸುವಾಗ ಪಾತ್ರೆಯಲ್ಲಿ ಶೇ. 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ನಿಲ್ಲಿಸಿ, ಅದರೊಳಗೆ ಎಷ್ಟು ಸೀಸ ಇಳಿಯಿತೆಂದು ಅಳೆಯುತ್ತಾರೆ. ಹಾಗೆಂದರೆ ನಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಹುಳಿ ತಿಂಗಳುಗಟ್ಟಲೆ ಮಾಡುವ ಬಗೆಯ ಕೆಲಸವನ್ನೇ ಅವರು ಒಂದು ದಿನ ಮಾಡಿ ನೋಡುತ್ತಾರೆ. ಆನ್‌ಲೈನಿನಲ್ಲಿ ಸಿಗುವ, ಉಜ್ಜಿ ನೋಡುವ ಕಡ್ಡಿಗಳು ಕೆಂಪಾದರೆ ಎಚ್ಚರಿಕೆ ಎಂದು ತಿಳಿಯಿರಿ, ಕೆಂಪಾಗದಿದ್ದರೆ ಧೈರ್ಯ ಎಂದು ತಿಳಿಯಬೇಡಿ. ಬಸುರಿಯರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ ನನ್ನ ಮಾತು ಸರಳ: ಅವರ ಎದುರು ಹಳೆಯ ಪಾತ್ರೆ ಬೇಡವೇ ಬೇಡ, ಒಂದು ಹೊತ್ತಿಗೂ.

ಇನ್ನು ಬೀಗರ ಊಟ. ನೀಲಿ ತಟ್ಟೆಗಳ ಮೇಲೆ ಮುತ್ತುಗದ ಎಲೆಯನ್ನೋ ಬಾಳೆಲೆಯನ್ನೋ ಅಳತೆಗೆ ಕತ್ತರಿಸಿ ಹಾಸಿ. ನೀಲಿ ಅಂಚು ಸುತ್ತಲೂ ಕಾಣುತ್ತದೆ, ನಡುವೆ ಹಸಿರು, ಅದರ ಮೇಲೆ ಹೋಳಿಗೆ ಅಥವಾ ಕರಿಗಡಬು. ನೋಡಲು ಇದಕ್ಕಿಂತ ಚೆಂದದ ತಟ್ಟೆ ನಾನು ಕಂಡಿಲ್ಲ. ಆಹಾರ ಮೆರುಗನ್ನು ಮುಟ್ಟುವುದಿಲ್ಲ, ಮೆರುಗಿನ ಜೇಡರಬಲೆಯಂತಹ ಬಿರುಕುಗಳಿಗೆ ಅರಿಸಿನ, ಎಣ್ಣೆ ಇಳಿಯುವುದಿಲ್ಲ. ಒಮ್ಮೆ ಎಣ್ಣೆಗಾಯಿಯ ಜಿಡ್ಡು ಆ ಬಿರುಕಿಗೆ ಇಳಿದರೆ ಕಂದು ಕಲೆಯಾಗಿ ಉಳಿಯುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ, ಒಣ ಹಣ್ಣು ಇವೆಲ್ಲ ಎಲೆಯ ಮೇಲೆ ಚೆನ್ನಾಗಿ ಕೂರುತ್ತವೆ. ಮೊಸರು, ಸಾರು, ಚಿತ್ರಾನ್ನ, ಹುಣಸೆಯ ಗೊಜ್ಜು, ನಿಂಬೆ ಪಾನಕ ಮಾತ್ರ ನಿಮ್ಮ ಸ್ಟೀಲಿನಲ್ಲಿಯೋ ಹೊಸ ಬಿಳಿ ಬಟ್ಟಲುಗಳಲ್ಲಿಯೋ ಇರಲಿ. ಹತ್ತು ತಟ್ಟೆ ಹದಿನಾರು ಜನಕ್ಕೆ ಸಾಲುವುದಿಲ್ಲವೆಂದು ಅಂಗಡಿಯಿಂದ ಅದೇ ಬಗೆಯ ಹೊಸ ನೀಲಿ ತಟ್ಟೆ ತಂದು ಬೆರೆಸಬೇಡಿ, ಹಳೆಯದರ ಪಕ್ಕ ಹೊಸ ನೀಲಿ ಕಿರುಚುತ್ತದೆ. ಊಟಕ್ಕೆ ಎಲ್ಲರಿಗೂ ಸ್ಟೀಲಿನ ಗಂಗಾಳವೇ ಇರಲಿ. ಸಿಹಿ, ಒಣ ತಿನಿಸು ಮತ್ತು ಎಲೆ-ಅಡಿಕೆಗೆ ಮಾತ್ರ ಎಲೆ ಹಾಸಿದ ನೀಲಿ ತಟ್ಟೆಗಳನ್ನು ನಡುವೆ ಇಡಿ, ಎಲ್ಲರೂ ಅದರಿಂದ ತೆಗೆದುಕೊಳ್ಳಲಿ. ಆಗ ತಟ್ಟೆ ಯಾರ ಪಾಲಿಗೆ ಬಂತು, ಯಾರ ಪಾಲಿಗೆ ಇಲ್ಲ ಎಂಬ ಲೆಕ್ಕವೇ ಬರುವುದಿಲ್ಲ, ಮತ್ತು ಬೀಗರ ಮನೆಯವರು ಹಿಂಡಾಗಿ ಒಂದೇ ತಟ್ಟೆಗೆ ಕೈ ಚಾಚುವಾಗ ಮಾತು ತಾನಾಗಿ ಹುಟ್ಟುತ್ತದೆ.

ಜಪಾನಿನ ಕಪ್ಪುಗಳ ಒಳಮೈ ಬರೀ ಬಿಳಿ, ಚಿತ್ರವೆಲ್ಲ ಹೊರಗೆ. ಒಳಗೆ ಬಿರುಕಿಲ್ಲ, ನಾದ ಸರಿಯಾಗಿದೆ ಎಂದಾದರೆ ವರ್ಷಕ್ಕೆ ನಾಲ್ಕು ಸಲ ಹಿರಿಯರಿಗೆ ಚಹಾ ಕೊಡಲು ನಾನು ಒಪ್ಪುತ್ತೇನೆ. ಲಿಂಬೆ ಚಹಾ ಬೇಡ. ಕುದಿಯುವ ಚಹಾವನ್ನು ನೇರ ಸುರಿಯಬೇಡಿ. ಮೊದಲು ಉಗುರುಬೆಚ್ಚಗಿನ ನೀರು ತುಂಬಿ ಚೆಲ್ಲಿ, ಆಮೇಲೆ ಸುರಿಯಿರಿ. ಪೌಷ ಮಾಸದ ಒಂದು ಬೆಳಿಗ್ಗೆ ನನ್ನ ಕೈಯಲ್ಲಿಯೇ ಒಂದು ಕಪ್ಪು ತಳದಿಂದ ಅಂಚಿನವರೆಗೆ ಸೀಳಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಕಡೆಯ ಹಿರಿಯರು ಬಸಿಗೆ ಸುರಿದುಕೊಂಡೇ ಕುಡಿಯುತ್ತಾರೆ. ಬಸಿಯ ಚಿತ್ರ ಮೇಲ್ಮೈಯಲ್ಲಿ ಇರುವುದರಿಂದ ಅವರಿಗೆ ಹೊಸ ಬಿಳಿ ಬಸಿ ಕೊಡಿ, ಹಳೆಯ ಬಸಿಯಲ್ಲಿ ಎಲೆ ಹಾಸಿ ಏಲಕ್ಕಿ, ಕಲ್ಲುಸಕ್ಕರೆ ಇಡಿ. ಚಿನ್ನದ ಗೆರೆಯ ಯಾವ ಪಾತ್ರೆಯನ್ನೂ ಮೈಕ್ರೋವೇವ್ ಒಲೆಗೆ ಇಡಬೇಡಿ, ಕಿಡಿ ಹಾರುತ್ತದೆ.

ನಿಮ್ಮ ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಬೇಡಿ. ಎಲುಬಿನ ಬಸಿ ಎಂಬುದು ನಿಜವಾಗಿಯೂ ಇದೆ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಜೋಸೈಯಾ ಸ್ಪೋಡ್ ಮುಂತಾದವರು ಹದಗೊಳಿಸಿದ ಬೋನ್ ಚೈನಾದಲ್ಲಿ ಸುಮಾರು ಅರ್ಧದಷ್ಟು ದನದ ಎಲುಬಿನ ಬೂದಿ ಇರುತ್ತದೆ. ಅದರ ಬಿಳುಪು ಹಾಲಿನ ಕೆನೆಯಂತೆ ಬೆಚ್ಚಗಿರುತ್ತದೆ. ಗಟ್ಟಿ ಪಿಂಗಾಣಿಯ ಬಿಳುಪಿನಲ್ಲಿ ನೀಲಿ ಛಾಯೆಯ ತಂಪು ಇರುತ್ತದೆ. ನಿಮ್ಮ ಕಪ್ಪುಗಳು ಎರಡನೆಯ ಬಗೆಯವು, ತಟ್ಟೆ ಬರೀ ಮಣ್ಣು, ಜಾಡಿಗಳೂ ಹಾಗೆಯೇ. ಅತ್ತೆಯವರನ್ನು ಕಿಟಕಿಯ ಬೆಳಕಿಗೆ ಕರೆದು ಕಪ್ಪು ಅವರ ಕೈಗೇ ಕೊಟ್ಟು ತೋರಿಸಿ. ಇನ್ನು ಸೀಳಿದ್ದು ಬೇಡ ಎಂಬ ಮಾತು. ಊಟದ ಮಟ್ಟಿಗೆ ಅವರು ಹೇಳಿದ್ದೇ ಸರಿ. ಸೀಳಿನಲ್ಲಿ ಕೊಳೆ ಸೇರುತ್ತದೆ, ಬಿಸಿಗೆ ಅಗಲವಾಗುತ್ತದೆ, ಚಕ್ಕೆ ಎದ್ದ ಅಂಚು ತುಟಿ ಕುಯ್ಯುತ್ತದೆ. ಅಂಟು ಹಚ್ಚಿ ಕೂಡಿಸಿದ್ದನ್ನೂ ಊಟಕ್ಕೆ ಬಳಸಬಾರದು. ಗೂಡಿನಲ್ಲಿ ಇಡಲು ಮಾತ್ರ ಅವರ ಒಪ್ಪಿಗೆ ಕೇಳಿ.

ಪಡಸಾಲೆಯ ಸಿಂಗಾರದಲ್ಲಿ ನಾನು ಸಾಮಾನ್ಯವಾಗಿ ಕಾಣುವ ತಪ್ಪು, ಟಿವಿಯ ಸುತ್ತಲಿನ ಗಾಜಿನ ಕಪಾಟಿಗೆ ಎಲ್ಲವನ್ನೂ ಒತ್ತೊತ್ತಾಗಿ ತುಂಬುವುದು. ಬಹುಮಾನದ ಕಪ್ಪು, ಪ್ಲಾಸ್ಟಿಕ್ ಹೂವು, ಅಜ್ಜಿಯ ಬೋಗುಣಿ ಎಲ್ಲ ಒಂದೇ ಸಾಲಿನಲ್ಲಿ. ಹಳೆಯ ಮಾಳಿಗೆ ಮನೆಯ ಗೋಡೆಯ ಗೂಡು ನೆನಪಿಸಿಕೊಳ್ಳಿ. ಸುಣ್ಣದ ಬಿಳಿ ಗೋಡೆ, ಒಂದು ಗೂಡು, ಅದರಲ್ಲಿ ಒಂದೇ ವಸ್ತು. ಹೊಸ ಮನೆಯಲ್ಲಿಯೂ ಅಂಥ ಎರಡು ಗೂಡು ಇದ್ದರೆ ಸಾಕು. ಒಂದರಲ್ಲಿ ಬೋಗುಣಿ, ಅದರ ಪಕ್ಕ ನಿಮ್ಮ ಜಿಲ್ಲೆಯದೇ ಕಿನ್ನಾಳದ ಒಂದು ಮರದ ಗೊಂಬೆ. ಬೋಗುಣಿಗೆ ಹೂವು ಬೇಕೆಂದರೆ ಒಳಗೆ ಸಣ್ಣ ಸ್ಟೀಲ್ ಬಟ್ಟಲು ಇಟ್ಟು ಅದರಲ್ಲಿ ನೀರು ತುಂಬಿ. ಕಡಪ ಕಲ್ಲಿನ ಹಲಗೆ ಇದ್ದರೆ ಅದರ ಮೇಲೆ ನೇರ ಇಡಬೇಡಿ, ಹಳೆಯ ಕೌದಿಯ ತುಂಡು ಹಾಸಿ. ಸಂಡೂರಿನ ಲಂಬಾಣಿ ಕಸೂತಿಯ ಹಾಸು ನನಗೂ ಬಹಳ ಇಷ್ಟ, ಆದರೆ ಅದರ ಕನ್ನಡಿ, ಕವಡೆಗಳು ಮೆರುಗಿಗೆ ಗೀರು ಹಾಕುತ್ತವೆ. ಅದನ್ನು ಗೋಡೆಗೆ ತೂಗುಹಾಕಿ. ತಟ್ಟೆಯನ್ನು ಗೋಡೆಗೆ ಹಾಕಲು ಸಿಗುವ ಸ್ಪ್ರಿಂಗ್ ತಂತಿಯ ಹಿಡಿಕೆಗಳು ಅಂಚನ್ನು ಹಗಲಿರುಳು ಎಳೆಯುತ್ತಿರುತ್ತವೆ, ಸೀಳಿರುವ ತಟ್ಟೆಗೆ ಅವು ಸಲ್ಲ.

ಜಾಡಿಗಳ ಜಾಗ ನೆಲ. ಶಹಾಬಾದಿ ಕಲ್ಲಿನ ನೆಲದ ಮೂಲೆಯಲ್ಲಿ ಎರಡು ಜಾಡಿ ನಿಲ್ಲಿಸಿ, ಒಂದರಲ್ಲಿ ಒಣಗಿದ ಜೋಳದ ತೆನೆ, ಇನ್ನೊಂದರಲ್ಲಿ ಕಾಯಿ ಬಿರಿದ ಹತ್ತಿ ಕಡ್ಡಿ. ತಳಕ್ಕೆ ಬಟ್ಟೆಯ ಚೀಲದಲ್ಲಿ ಎರಡು ಸೇರು ಮರಳು ಹಾಕಿದರೆ ಮಕ್ಕಳು ತಾಗಿದರೂ ಉರುಳುವುದಿಲ್ಲ. ಜಾಡಿಯ ಕಂಠದ ಬಳಿ ಬಿಳಿ ಹರಳು ಏಳುತ್ತಿದ್ದರೆ ಅದು ಅಜ್ಜಿಯ ಉಪ್ಪಿನಕಾಯಿಯ ಉಪ್ಪು. ಶುದ್ಧ ನೀರಿನಲ್ಲಿ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ, ಒಂದು ವಾರ ಬಿಟ್ಟು ನೆರಳಿನಲ್ಲಿ ಒಣಗಿಸಿ.

ಆ ನಾಲ್ಕು ದಪ್ಪ ಕಪ್ಪುಗಳ ಬಗ್ಗೆ ನೀವು ಹೆಚ್ಚು ಬರೆದಿಲ್ಲ, ‘ಪ್ರತ್ಯೇಕ’ ಎಂದಷ್ಟೇ ಬರೆದಿದ್ದೀರಿ. ಯಾರಿಗೆ ಪ್ರತ್ಯೇಕ ಎಂದು ನಮಗಿಬ್ಬರಿಗೂ ಗೊತ್ತು. ಹೊಲದಲ್ಲಿ ದುಡಿದು ಬಂದವರು ಹಿತ್ತಲಲ್ಲಿ ನಿಂತು ಅದರಲ್ಲಿ ಚಹಾ ಕುಡಿದು, ತಾವೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ನಮ್ಮ ಮನೆಯಲ್ಲಿಯೂ ಇತ್ತು. ಇಂಥ ಕಪ್ಪುಗಳನ್ನು ‘ಹಳ್ಳಿಯ ಸೊಗಡು’ ಎಂದು ಈಗ ಹೋಟೆಲುಗಳಲ್ಲಿ ಸಾಲಾಗಿ ತೂಗುಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವನ್ನು ಎಸೆಯಬೇಡಿ, ಸಿಂಗಾರಕ್ಕೂ ಇಡಬೇಡಿ. ಏನು, ಯಾರಿಗೆ, ಯಾಕೆ ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಮದುವೆಯಾಗಿ ಹೋಗುವ ಮಗಳಿಗೆ ಚಿನ್ನದ ಗೆರೆಯ ಕಪ್ಪಿನ ಕತೆ ಹೇಳುವ ದಿನವೇ ಇದರ ಕತೆಯನ್ನೂ ಹೇಳಿ.

ತೊಳೆಯುವ ಕ್ರಮ. ಸಿಂಕಿನಲ್ಲಿ ಬೇಡ, ನಲ್ಲಿಯ ಕೆಳಗೂ ಬೇಡ. ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ದ್ರವ ಸಾಬೂನು ಹಾಕಿ, ಒಂದು ಸಲಕ್ಕೆ ಒಂದೇ ತುಂಡು. ಕಪ್ಪನ್ನು ಕಿವಿ ಹಿಡಿದು ಎತ್ತಬೇಡಿ, ಎರಡೂ ಕೈಯಿಂದ ಮೈ ಹಿಡಿಯಿರಿ. ಬ್ಲೀಚ್, ಪಾತ್ರೆ ತಿಕ್ಕುವ ಪುಡಿ, ಒಲೆಯ ಬೂದಿ ಯಾವುದೂ ಸಲ್ಲದು. ಚಿಕ್ಕಂದಿನಲ್ಲಿ ನಾನು ಅವ್ವನಿಗೆ ನೆರವಾಗಲೆಂದು ಬೂದಿ ಹಾಕಿ ತಿಕ್ಕಿದ ಒಂದು ತಟ್ಟೆಯ ಚಿನ್ನದ ಗೆರೆ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಆ ತಟ್ಟೆ ಇಂದಿಗೂ ನನ್ನ ಮೇಜಿನ ಮೇಲಿದೆ. ಧೂಳಿನ ಮಾತೂ ಹೀಗೆಯೇ. ಬಳ್ಳಾರಿಯಲ್ಲಿ ನಮಗೆ ಕಬ್ಬಿಣದ ಅದಿರಿನ ಕೆಂಪು ಧೂಳು, ಗಂಗಾವತಿಯಲ್ಲಿ ನಿಮಗೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನದೇ ಸತ್ವ. ಒಣ ಬಟ್ಟೆಯಿಂದ ಒರೆಸಿದರೆ ಮರಳು ಕಾಗದದಿಂದ ಉಜ್ಜಿದಂತೆ. ಮೊದಲು ಚಿತ್ರ ಬರೆಯುವ ಮೆತ್ತನೆಯ ಕುಂಚದಿಂದ ಹಾರಿಸಿ, ಆಮೇಲೆ ಒದ್ದೆ ಬಟ್ಟೆ. ಬೋರಿನ ನೀರಿನಲ್ಲಿ ತೊಳೆದರೆ ಬಿಳಿ ಪೊರೆ ಕೂರುತ್ತದೆ, ಕೊನೆಯ ನೀರು ಫಿಲ್ಟರಿನದಿರಲಿ. ಆ ಪೊರೆ ತೆಗೆಯಲು ನಿಂಬೆಹಣ್ಣು ಉಜ್ಜಬೇಡಿ, ಬಣ್ಣವೂ ಹೋದೀತು.

ತಮ್ಮನಿಗೆ ತಟ್ಟೆ ಕಳಿಸುವ ವಿಷಯ: 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನೀಲಿ ತಟ್ಟೆ ಬೇಡ. ಆಕ್ಯುಪೈಡ್ ಜಪಾನಿನ ಕಪ್ಪು ಅಷ್ಟು ಹಳೆಯದಲ್ಲ, ಅದನ್ನು ಕಳಿಸಬಹುದು. ಇನ್ನೊಂದು. ನಿಮಗೆ ಆನೆಗೊಂದಿ ಹತ್ತಿರ. ಹಂಪಿಯ ಉತ್ಖನನಗಳಲ್ಲಿ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ, ವಿಜಯನಗರದ ಶ್ರೀಮಂತರು ಅದನ್ನು ಬಳಸುತ್ತಿದ್ದರು. ಹೊಲದಲ್ಲಿ ಅಂಥ ನೀಲಿ ಚೂರು ಕಂಡರೆ ಪೆಟ್ಟಿಗೆಗೆ ಸೇರಿಸಬೇಡಿ. ಸಿಕ್ಕ ಜಾಗ ಗುರುತಿಸಿ ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಚೂರಿನ ಬೆಲೆ ಇರುವುದು ಅದು ಬಿದ್ದ ಜಾಗದಲ್ಲಿ.

ಮುಚ್ಚಳವಿಲ್ಲದ ಮೂರನೆಯ ಜಾಡಿಗೆ ಬೇರೆ ಜಾಡಿಯ ಮುಚ್ಚಳ ಹುಡುಕಿ ತರಬೇಡಿ, ಕೂಡುವುದಿಲ್ಲ, ಅಂಚು ತಿಕ್ಕಿ ಚಕ್ಕೆ ಏಳುತ್ತದೆ. ಬಿಳಿ ಮಲ್‌ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ಹೊದಿಸಿ ದಾರದಿಂದ ಕಟ್ಟಿ. ನಿಮ್ಮ ಅಜ್ಜಿ ಉಪ್ಪಿನಕಾಯಿ ಹಾಕಿದ ಮೇಲೆ ಹಾಗೆಯೇ ಕಟ್ಟಿರುತ್ತಾರೆ. ಕಂಠದ ಕೆಳಗೆ ಬೆರಳಾಡಿಸಿ ನೋಡಿ, ದಾರ ಕೂತು ಸವೆದ ಗೆರೆ ಸಿಗಬಹುದು.